ಟೀಚರನ್ನು ಕೇಳಿ: ಕೈಯಿಂದ ಬಾಯಿಗೆ ಎಷ್ಟು ದೂರ?

ಇಂಗ್ಲಿಷ್ ಮಾತುಗಳ ಬಗ್ಗೆ ಈ ತಿಂಗಳು ಬಂದ ಕಾಗದಗಳಲ್ಲಿ ನಾಲ್ಕು ಬಡತನದ ಮೇಲೆಯೇ ಇವೆ. ಮಾತಾಡಿಕೊಂಡು ಬರೆದ ಹಾಗೆ! ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದೇನೆ. 'ಶಲ್', 'ವಿಲ್' ಬಗ್ಗೆ ಮೂರನೇ ಸಲ ಕಾಗದ ಹಾಕಿದ ಸೋಮವಾರಪೇಟೆಯವರೇ, ಸ್ವಲ್ಪ ಸಬೂರಿ ಇರಲಿ.

ಪ್ರಶ್ನೆ: ನಾನು ಶನಿವಾರಸಂತೆಯವಳು, ಬಿ.ಕಾಂ. ಎರಡನೇ ವರ್ಷ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ 'ಅವರ್ ಫ್ಯಾಮಿಲಿ ಈಸ್ ಹ್ಯಾಂಡ್ ಟು ಮೌತ್' ಎಂದು ಬರೆದೆ. ಲೆಕ್ಚರರ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು, ಏನು ತಪ್ಪು ಅಂತ ಹೇಳಲಿಲ್ಲ. ಅಪ್ಪನನ್ನು ಕೇಳಿದರೆ, ಅದು ನಮ್ಮ 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಅನ್ನುವ ಮಾತೇ ಅನ್ನುತ್ತಾರೆ. ಹೌದಾ ಟೀಚರ್?

ಉತ್ತರ: ಅಪ್ಪನಿಗೆ ಬೇಜಾರಾಗದ ಹಾಗೆ ಹೇಳಮ್ಮ, ಅಲ್ಲ. ಅಪ್ಪ ಹೇಳಿದ ಮಾತಿನಲ್ಲಿ ತುತ್ತು ಬಾಯಿಗೆ ಬರುವುದೇ ಇಲ್ಲ. ಇಂಗ್ಲಿಷ್ ಮಾತಿನಲ್ಲಿ ಬರುತ್ತದೆ. ಬಂದು ಅಲ್ಲಿಗೇ ಮುಗಿಯುತ್ತದೆ, ಅಷ್ಟೆ. ಜನವರಿಯಲ್ಲಿ ಕಾಫಿ ಕುಯ್ದು ಕಣದಲ್ಲಿ ಒಣಗಲು ಹಾಕಿದಾಗ ಮಳೆ ಹೊಡೆದರೆ ಅದು ಅಪ್ಪನ ಗಾದೆ. ಅದಕ್ಕೆ ಇಂಗ್ಲಿಷಿನವರು ಬಟ್ಟಲಿಗೂ ತುಟಿಗೂ ನಡುವೆ ಜಾರುವ ಮಾತು ಹೇಳುತ್ತಾರೆ, 'ದೇರ್ ಈಸ್ ಮೆನಿ ಎ ಸ್ಲಿಪ್ ಬಿಟ್ವೀನ್ ದಿ ಕಪ್ ಅಂಡ್ ದಿ ಲಿಪ್' ಎಂದು. ನಮ್ಮಲ್ಲಿ ಕೈ-ಬಾಯಿ ಸೇರಿದ ಇನ್ನೊಂದು ಮಾತೂ ಇದೆ, 'ಕೈ ಕೆಸರಾದರೆ ಬಾಯಿ ಮೊಸರು'. ಅದೂ ಇದಲ್ಲ. ಅಲ್ಲಿ ದುಡಿದವನಿಗೆ ಮೊಸರು ಗ್ಯಾರಂಟಿ. ಹ್ಯಾಂಡ್ ಟು ಮೌತ್‌ನಲ್ಲಿ ಇವತ್ತಿನ ಗಂಜಿ ಮಾತ್ರ ಗ್ಯಾರಂಟಿ, ನಾಳೆಯದು ನಾಳೆಗೆ.

ನನಗೆ ಈ ಮಾತು ಪುಸ್ತಕದಲ್ಲಿ ಸಿಗುವ ಮೊದಲೇ ಕಣ್ಣಿಗೆ ಬಿದ್ದಿತ್ತು. ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ನಮ್ಮಪ್ಪ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ವಾರಕ್ಕೊಮ್ಮೆ ಬಟವಾಡೆ. ಕಾಫಿ ಕಣದ ಪಕ್ಕದ ಸ್ಟೋರಿನ ಜಗಲಿಯಲ್ಲಿ ಮೇಜು ಹಾಕಿ, ಚೆಕ್‌ರೋಲ್ ಎನ್ನುವ ಹಾಜರಿ ಪುಸ್ತಕ ಬಿಚ್ಚಿ, ಅಪ್ಪ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಚಿಲ್ಲರೆ ಎಣಿಸಿ ಜೋಡಿಸುವುದು ನನ್ನ ಕೆಲಸ. ಲೈನ್ ಮನೆಯ, ಅಂದರೆ ಕೂಲಿಯವರಿಗೆ ಎಸ್ಟೇಟು ಸಾಲಾಗಿ ಕಟ್ಟಿಸಿದ ಮನೆಗಳ, ಒಬ್ಬ ಅಕ್ಕ ಇದ್ದಳು, ಮನೆಮಾತು ತುಳು. ಅವಳು ಹಣ ಇಸಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೂರು ಪಾಲು ಮಾಡುತ್ತಿದ್ದಳು. ಒಂದು ಅಂಗಡಿಯ ಬಾಕಿಗೆ, ಒಂದು ಸಂತೆಗೆ, ಒಂದು ಮುಂಗಡ ತೀರಿಸಲು. ಆ ಮೂರನೆಯದನ್ನು ಅಪ್ಪನ ಮೇಜಿನ ಮೇಲೇ ವಾಪಸ್ ಇಡುತ್ತಿದ್ದಳು. ಆಮೇಲೆ ನನಗೆ ಖಾಲಿ ಅಂಗೈ ತೋರಿಸಿ, "ನೋಡು ಮಗಳೇ, ಬಂತು, ಹೋಯ್ತು" ಎಂದು ನಗುತ್ತಿದ್ದಳು.

ಅವಳು ಉಪವಾಸ ಇರಲಿಲ್ಲ, ಅದನ್ನು ಗಮನಿಸು. ಕುಯ್ಲಿನ ಕಾಲದಲ್ಲಿ ಎಲ್ಲರಿಗಿಂತ ಜಾಸ್ತಿ ಹಣ್ಣು ಕುಯ್ಯುತ್ತಿದ್ದಳು, ಆಗ ಮೀನೂ ತರುತ್ತಿದ್ದಳು. ಇಲ್ಲದ್ದು ಒಂದೇ, ಮುಂದಿನ ವಾರಕ್ಕೆ ಉಳಿಯುವ ಹಣ. 'ಫ್ರಮ್ ಹ್ಯಾಂಡ್ ಟು ಮೌತ್' ಎಂದರೆ ಇದೇ. ಕೈಗೆ ಬಂದದ್ದು ಡಬ್ಬಿಗೆ ಹೋಗುವುದಿಲ್ಲ, ಪೋಸ್ಟಾಫೀಸಿಗೆ ಹೋಗುವುದಿಲ್ಲ, ನೇರ ಬಾಯಿಗೆ. ಎಷ್ಟು ಬಡವರು ಅಂತ ಈ ಮಾತು ಅಳೆಯುವುದಿಲ್ಲ. ನಡುವೆ ಏನೂ ನಿಲ್ಲುವುದಿಲ್ಲ ಅಂತ ಹೇಳುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದು ಕೆಲಸ ಕಮ್ಮಿಯಾದರೆ ಆ ಅಕ್ಕನ ಮನೆಯಲ್ಲಿ ಅದು ಮೊದಲ ವಾರವೇ ಗೊತ್ತಾಗುತ್ತಿತ್ತು. ಕಕ್ಕಡದ ಮಳೆ ತಿಂಗಳಲ್ಲಿ ಊಟಕ್ಕೆ ಕಣಿಲೆ ಎನ್ನುವ ಎಳೆ ಬಿದಿರು, ಕೆಸದ ಸೊಪ್ಪು, ಗದ್ದೆಯ ಏಡಿ. ಈಗ ರೆಸಾರ್ಟುಗಳಲ್ಲಿ ಅದನ್ನೇ ಸ್ಪೆಷಲ್ ಎಂದು ಬಡಿಸುತ್ತಾರೆ. ಇರಲಿ.

ಈಗ ನಿನ್ನ ವಾಕ್ಯ. ತಪ್ಪು 'ಈಸ್'ನಲ್ಲಿದೆ. ಕನ್ನಡದಲ್ಲಿ ಮಾತಾಡುವಾಗ 'ಈ ತಿಂಗಳು ಪೂರ್ತಿ ಹ್ಯಾಂಡ್ ಟು ಮೌತ್ ಆಗ್ಬಿಟ್ಟಿದೆ' ಅನ್ನುತ್ತೇವೆ. ಆ 'ಆಗಿದೆ'ಯೇ ಇಂಗ್ಲಿಷಿಗೆ ಹೋಗಿ 'ಈಸ್' ಆಗುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯರು ಹ್ಯಾಂಡ್ ಟು ಮೌತ್ ಆಗಿರುವುದಿಲ್ಲ, ಹಾಗೆ ಬದುಕುತ್ತಾರೆ. 16ನೇ ಶತಮಾನದಿಂದಲೂ ಇದು ಬದುಕುವ ರೀತಿಯನ್ನು ಹೇಳುವ ಮಾತು. ಆದ್ದರಿಂದ ಕ್ರಿಯಾಪದ 'ಲಿವ್' ಬೇಕು: 'ವಿ ಲಿವ್ ಫ್ರಮ್ ಹ್ಯಾಂಡ್ ಟು ಮೌತ್'. 'ಫ್ರಮ್' ಬಿಟ್ಟು 'ವಿ ಲಿವ್ ಹ್ಯಾಂಡ್ ಟು ಮೌತ್' ಎಂದರೂ ನಡೆಯುತ್ತದೆ. ನಾನಂತೂ ಪರೀಕ್ಷೆಯಲ್ಲಿ ಎರಡಕ್ಕೂ ಪೂರ್ತಿ ಅಂಕ ಕೊಟ್ಟಿದ್ದೇನೆ. ನಾಮಪದದ ಮುಂದೆ ಇಡುವುದಾದರೆ ಮೂರು ಪದಗಳ ನಡುವೆ ಎರಡು ಅಡ್ಡಗೆರೆ ಹಾಕಿ ಒಂದೇ ಪದ ಮಾಡು: 'ಮೈ ಪೇರೆಂಟ್ಸ್ ಲೆಡ್ ಎ ಹ್ಯಾಂಡ್-ಟು-ಮೌತ್ ಎಕ್ಸಿಸ್ಟೆನ್ಸ್ ಅಂಟಿಲ್ ಮೈ ಸಿಸ್ಟರ್ ಗಾಟ್ ಎ ಜಾಬ್'. 'ಹ್ಯಾಂಡ್ಸ್' ಎಂದು ಬಹುವಚನ ಮಾಡಬೇಡ, ಊಟಕ್ಕೆ ಒಂದೇ ಕೈ ಸಾಕು. ನನ್ನ ಕ್ಲಾಸಿನ ಹುಡುಗನೊಬ್ಬ 'ಮೌತ್ ಟು ಮೌತ್' ಎಂದು ಬರೆದಿದ್ದ. ಅದು ನೀರಲ್ಲಿ ಮುಳುಗಿದವರಿಗೆ ಉಸಿರು ಕೊಡುವುದು.

ಬಡವರಿಗೆ ಮಾತ್ರ ಅಂತಲೂ ಇಲ್ಲ. ಸಂಬಳ ಬಂದ ಹತ್ತನೇ ದಿನಕ್ಕೆ ಮೂರು ಇಎಂಐಗೆ ಎಲ್ಲ ಕಳೆದುಕೊಳ್ಳುವ ಬೆಂಗಳೂರಿನ ನಮ್ಮ ಹುಡುಗರ ಬಗ್ಗೆಯೂ ಹೇಳಬಹುದು. ಸಣ್ಣ ಪತ್ರಿಕೆಗಳ ಬಗ್ಗೆಯೂ ಹೇಳಬಹುದು. ಸಂಪಾದಕರು ಕ್ಷಮಿಸಬೇಕು.

ಕೊನೆಗೆ ಅರ್ಜಿಯ ವಿಷಯ. ಬರೀ ಈ ಒಂದು ಮಾತು ಬರೆದು ನಿಲ್ಲಿಸಬೇಡ, ಮುಂದೆ ಒಂದು ನಿಜ ಇಡು. ನಿಮ್ಮಪ್ಪ ಬಾಡಿಗೆ ಆಟೋ ಓಡಿಸುತ್ತಾರೆ ಅಂತ ಕಾಗದದ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದೇ ಸಾಕು: 'ಮೈ ಫಾದರ್ ಡ್ರೈವ್ಸ್ ಎ ರೆಂಟೆಡ್ ಆಟೋ, ಅಂಡ್ ವಿ ಲಿವ್ ಫ್ರಮ್ ಹ್ಯಾಂಡ್ ಟು ಮೌತ್'. ಓದಿದವರಿಗೆ ಆಟೋ ಕಾಣುತ್ತದೆ.

ಪ್ರಶ್ನೆ: ವಿರಾಜಪೇಟೆ ಕಡೆಯ ಸಣ್ಣ ಬೆಳೆಗಾರ ನಾನು. ಮಳೆಗೆ ಕಾಫಿ ಉದುರಿತು, ಕರಿಮೆಣಸಿನ ಬಳ್ಳಿಗೆ ರೋಗ. ಸಾಲದ ಕಂತು ಮುಂದೂಡಲು ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. 'ವಿ ಆರ್ ಇನ್ ಆನ್ ಅಬ್ಜೆಕ್ಟ್ ಪಾವರ್ಟಿ' ಎಂದು ಮಗ ಬರೆದುಕೊಟ್ಟಿದ್ದಾನೆ. ಸರಿಯೇ?

ಉತ್ತರ: ವ್ಯಾಕರಣದ ತಪ್ಪು ಸಣ್ಣದು. 'ಪಾವರ್ಟಿ'ಯನ್ನು ಎಣಿಸಲು ಬರುವುದಿಲ್ಲ, ಹಾಗಾಗಿ 'ಆನ್' ತೆಗೆಯಿರಿ. 'ಲಿವ್ ಇನ್ ಅಬ್ಜೆಕ್ಟ್ ಪಾವರ್ಟಿ' ಎಂಬುದು ರೂಢಿ. 'ಅಬ್ಜೆಕ್ಟ್ ಪುವರ್' ಎಂದು ಜೋಡಿಸಬಾರದು.

ದೊಡ್ಡ ತಪ್ಪು ಪದದ್ದೇ, ಅಣ್ಣಾ. 'ಅಬ್ಜೆಕ್ಟ್' ಲ್ಯಾಟಿನ್‌ನಿಂದ ಬಂದದ್ದು. ಅದರ ಬೇರಿನಲ್ಲಿ 'ಎಸೆ' ಎಂಬ ಅರ್ಥ ಇದೆ. ಡಾಕ್ಟರ ಇಂಜೆಕ್ಷನ್ ಒಳಕ್ಕೆ ಎಸೆಯುವುದು, ರಿಜೆಕ್ಟ್ ಹಿಂದಕ್ಕೆ ಎಸೆಯುವುದು, ಪ್ರೊಜೆಕ್ಟರ್ ಗೋಡೆಯ ಕಡೆಗೆ ಮುಂದಕ್ಕೆ ಎಸೆಯುವುದು. ಅಬ್ಜೆಕ್ಟ್ ಎಂದರೆ ಆಚೆ ಬಿಸಾಡಿದ್ದು. ಅಂದರೆ ಬರೀ ಹಣ ಇಲ್ಲದ ಸ್ಥಿತಿಯಲ್ಲ, ಮನುಷ್ಯನ ಮರ್ಯಾದೆಯನ್ನೂ ತೆಗೆದು ಬೀದಿಗೆ ಬಿಸಾಡಿದ ಸ್ಥಿತಿ. ಬೇರೆಯವರ ಬಗ್ಗೆ ಬರೆಯುವಾಗಲೇ ಇದನ್ನು ಯೋಚಿಸಿ ಬಳಸಬೇಕು. ತನ್ನ ಬಗ್ಗೆ ತಾನೇ ಬರೆದುಕೊಂಡರೆ ಕಾಲಿಗೆ ಬಿದ್ದ ಹಾಗೆ ಕೇಳುತ್ತದೆ. ಜೊತೆಗೆ, ಪತ್ರದ ಎರಡನೇ ಪ್ಯಾರಾದಲ್ಲಿ ಜೀಪಿನ ಸಾಲವೂ ಇದೆ. ಮ್ಯಾನೇಜರ್ ಎರಡನ್ನೂ ಓದುತ್ತಾರೆ ಅಲ್ವಾ?

ಹೀಗೆ ಬರೆಯಿರಿ: 'ವಿ ಹ್ಯಾವ್ ಲಾಸ್ಟ್ ಮೋಸ್ಟ್ ಆಫ್ ದಿಸ್ ಇಯರ್ಸ್ ಕಾಫಿ ಟು ರೇನ್ ಅಂಡ್ ಕೆನಾಟ್ ಪೇ ದಿ ನೆಕ್ಸ್ಟ್ ಇನ್‌ಸ್ಟಾಲ್‌ಮೆಂಟ್ ಆನ್ ಟೈಮ್'. ಕೆಳಗೆ ಎಷ್ಟು ಎಕರೆ, ಎಷ್ಟು ಮೂಟೆ ಸಿಗಬೇಕಿತ್ತು, ಎಷ್ಟು ಸಿಕ್ಕಿತು ಅಂತ ಲೆಕ್ಕ ಕೊಡಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮನೆ, ತೋಟ ಎರಡೂ ಮಣ್ಣಿನಡಿ ಹೋದವರಿದ್ದಾರಲ್ಲ, ಅವರ ಬಗ್ಗೆ ಇಂಗ್ಲಿಷಿನಲ್ಲಿ 'ದೇ ವರ್ ರಿಡ್ಯೂಸ್ಡ್ ಟು ಪಾವರ್ಟಿ ಓವರ್‌ನೈಟ್' ಎನ್ನಬಹುದು. ಇದ್ದವರು ಒಂದೇ ರಾತ್ರಿಯಲ್ಲಿ ಇಲ್ಲದವರಾದರು ಎಂದು. ಅಲ್ಲಿ 'ರಿಡ್ಯೂಸ್ಡ್' ಪದಕ್ಕೆ ತೂಕ ಇದೆ.

ನಿಮ್ಮ ಮಗ ಇನ್ನೊಂದು ಕೇಳಿದ್ದಾನೆ, 'ಕಿತ್ತು ತಿನ್ನುವ ಬಡತನ'ಕ್ಕೆ ಇಂಗ್ಲಿಷ್ ಏನು ಅಂತ. 'ಗ್ರೈಂಡಿಂಗ್ ಪಾವರ್ಟಿ' ಹತ್ತಿರ ಬರುತ್ತದೆ. ಅವರ ಬಡತನ ಬೀಸುಕಲ್ಲಿನ ಹಾಗೆ ದಿನಾ ಅರೆಯುತ್ತದೆ. ನಮ್ಮದಕ್ಕೆ ಹಲ್ಲಿದೆ. ನನಗೆ ನಮ್ಮ ಮಾತೇ ಇಷ್ಟ, ಆದರೆ ಪರೀಕ್ಷೆಯಲ್ಲಿ ಅವರದ್ದೇ ಬರೆಯಲಿ.

ಪ್ರಶ್ನೆ: ಪೊನ್ನಂಪೇಟೆ ತಾಲ್ಲೂಕಿನ ಪಂಚಾಯಿತಿಯೊಂದರಲ್ಲಿ ಕೆಲಸ. 'ಬಿಲೋ ಪಾವರ್ಟಿ ಲೈನ್' ಸರಿಯೋ, 'ಬಿಲೋ ದಿ ಪಾವರ್ಟಿ ಲೈನ್' ಸರಿಯೋ?

ಉತ್ತರ: ವಾಕ್ಯದಲ್ಲಾದರೆ 'ದಿ' ಬೇಕು: 'ಫ್ಯಾಮಿಲೀಸ್ ಲಿವಿಂಗ್ ಬಿಲೋ ದಿ ಪಾವರ್ಟಿ ಲೈನ್'. ಕಾರ್ಡಿನ ಹೆಸರಾದಾಗ 'ದಿ' ಬಿದ್ದುಹೋಗಿ ಬಿಪಿಎಲ್ ಉಳಿಯಿತು. 'ಎ ಬಿಪಿಎಲ್ ಫ್ಯಾಮಿಲಿ' ಎಂದು ನಮ್ಮ ಕಚೇರಿಗಳಲ್ಲಿ ಬರೆಯಿರಿ, ತಪ್ಪಿಲ್ಲ. ಎಪಿಎಲ್ ಆದರೆ ಮುಂದೆ 'ಆನ್'. 'ಐ ಯಾಮ್ ಎ ಬಿಪಿಎಲ್' ಮಾತ್ರ ಬೇಡ, ಕಾರ್ಡು ನೀವಲ್ಲ.

'ದಿ' ಯಾಕೆ ಅಂದರೆ ಗೆರೆ ಯಾರೋ ಎಳೆದದ್ದು, ಯಾವುದು ಅಂತ ಗೊತ್ತಿರುವುದು. ಗೊತ್ತಿಲ್ಲದಿದ್ದರೆ ಯಾರ ಗೆರೆ ಎಂದು ಹೇಳಬೇಕಾಗುತ್ತದೆ. 1990ರಲ್ಲಿ ವಿಶ್ವಬ್ಯಾಂಕ್ ದಿನಕ್ಕೆ ಒಬ್ಬರಿಗೆ 1 ಡಾಲರ್ ಎಂದು ಗೆರೆ ಎಳೆಯಿತು. ಅದು ಏರುತ್ತಾ 2022ರಲ್ಲಿ 2.15 ಆಯಿತು, 2025ರ ಜೂನ್‌ನಲ್ಲಿ 3 ಡಾಲರ್. ಇದಕ್ಕಿಂತ ಕೆಳಗಿನದ್ದನ್ನು ಅವರು 'ಎಕ್ಸ್‌ಟ್ರೀಮ್ ಪಾವರ್ಟಿ' ಅನ್ನುತ್ತಾರೆ. ಇವು ಒಂದೊಂದು ದೇಶದ ಬೆಲೆಗೆ ಹೊಂದಿಸಿದ ಡಾಲರುಗಳು, ಇವತ್ತಿನ ಡಾಲರ್ ದರಕ್ಕೆ ಗುಣಿಸಬೇಡಿ. ವರದಿ ಬರೆಯುವಾಗ 'ಎಕ್ಸ್‌ಟ್ರೀಮ್' ಎಂದರೆ ಹೀಗೆ ಅಳೆದದ್ದು, 'ಅಬ್ಜೆಕ್ಟ್' ಎಂದರೆ ಕಣ್ಣಲ್ಲಿ ಕಂಡದ್ದು. ಒಂದರ ಜಾಗಕ್ಕೆ ಇನ್ನೊಂದು ಹಾಕಬೇಡಿ.

ಲೈನ್ ಎಂದಾಗ ನೆನಪಾಯಿತು. ಎಂಟನೇ ಕ್ಲಾಸಿನ ಹುಡುಗನೊಬ್ಬ 'ಮೈ ಹೌಸ್' ಪ್ರಬಂಧದಲ್ಲಿ 'ವಿ ಲಿವ್ ಬಿಲೋ ದಿ ಲೈನ್' ಎಂದು ಬರೆದಿದ್ದ. ಎಷ್ಟು ಚಿಕ್ಕ ಹುಡುಗ, ಎಂಥ ಮಾತು ಅಂತ ನನ್ನ ಗಂಟಲು ಕಟ್ಟಿತು. ಕರೆದು ತಲೆ ಸವರಿ ವಿಚಾರಿಸಿದೆ. "ಹೌದು ಟೀಚರ್, ಲೈನ್ ಮನೆಗಳೆಲ್ಲ ಮೇಲೆ, ನಮ್ಮದು ಕೆಳಗೆ, ಹೊಳೆ ಬದಿ" ಎಂದ. 'ದಿ' ಸರಿಯಾಗಿಯೇ ಹಾಕಿದ್ದ. ಹತ್ತಕ್ಕೆ ಎಂಟು ಕೊಟ್ಟೆ.

ಪ್ರಶ್ನೆ: ಮಡಿಕೇರಿಯ ಹತ್ತನೇ ಕ್ಲಾಸಿನ ವಿದ್ಯಾರ್ಥಿ. 'ಆಸ್ ಪುವರ್ ಆಸ್ ಎ ಚರ್ಚ್ ಮೌಸ್' ಎನ್ನುತ್ತಾರಲ್ಲ, ಚರ್ಚಿನ ಇಲಿಯೇ ಯಾಕೆ?

ಉತ್ತರ: ಚರ್ಚಿನಲ್ಲಿ ಅಡುಗೆಮನೆ ಇಲ್ಲ, ಧಾನ್ಯ ತುಂಬಿಡುವ ಪಣತ ಇಲ್ಲ. ಇಲಿಗೆ ಮೇಣದಬತ್ತಿ ಬಿಟ್ಟರೆ ತಿನ್ನಲು ಏನಿದೆ? ಅದಕ್ಕೇ ಆ ಮಾತು. ತಮಾಷೆಯ ಧಾಟಿಯದ್ದು, ನಿಜವಾಗಿ ಹಸಿದವರ ಬಗ್ಗೆ ಹೇಳಬೇಡ. 'ಐ ವಾಸ್ ಆಸ್ ಪುವರ್ ಆಸ್ ಎ ಚರ್ಚ್ ಮೌಸ್ ಇನ್ ಮೈ ಕಾಲೇಜ್ ಡೇಸ್' ಎಂದು ನಿನ್ನ ಬಗ್ಗೆಯೇ ನಗುತ್ತಾ ಹೇಳಿಕೊಳ್ಳಬಹುದು, ಕಾಲೇಜು ಮುಗಿದ ಮೇಲೆ.

ಕನ್ನಡಕ್ಕೆ 'ದೇವಸ್ಥಾನದ ಇಲಿಯಷ್ಟು ಬಡವ' ಎಂದು ತರಲು ಹೋಗಬೇಡ, ಕೆಡುತ್ತದೆ. ನಮ್ಮ ಗುಡಿಯ ಇಲಿಗೆ ತೆಂಗಿನಕಾಯಿ, ಅವಲಕ್ಕಿ, ಬಾಳೆಹಣ್ಣು. ಗಣಪತಿ ಗುಡಿಯಾದರೆ ಕಾಯಂ ನೌಕರಿಯೂ ಉಂಟು. ನಿಮ್ಮ ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚಿನ ಇಲಿ ಮಾತ್ರ ನಿಜಕ್ಕೂ ಪಾಪ. ಆ ಕಟ್ಟಡ ಈಗ ಮ್ಯೂಸಿಯಂ, ಅಲ್ಲಿ ಕಡಿಯಲು ಸಿಗುವುದು ವೀರಗಲ್ಲು.