ಬಡ್ತಿ ಬೇಡವೆಂದು ಬರೆದುಕೊಡುವ ಮೊದಲು

ಸರ್ಕಾರಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದು, ಸ್ಕೇಲ್ ಒನ್ ಆಫೀಸರ್ (ಅಧಿಕಾರಿಗಳಲ್ಲಿ ಮೊದಲ ಹಂತ) ಬಡ್ತಿ ಬಂದಾಗ ವರ್ಗಾವಣೆಗೆ ಹೆದರಿ ಬೇಡವೆನ್ನುವ ಹೆಣ್ಣುಮಕ್ಕಳ ಪ್ರಕರಣ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಪದೇ ಪದೇ ಬರುತ್ತದೆ. ಹೆಚ್ಚಿನವರು ಬರುವುದು ವರ್ಷಗಳಾದ ಮೇಲೆ, ತಾವು ಕೆಲಸ ಕಲಿಸಿದ ಹುಡುಗನೇ ಮ್ಯಾನೇಜರಾಗಿ ಬಂದು ಕೂತಾಗ. ಸುಮಾ (ಹೆಸರು ಬದಲಿಸಿದೆ) ಬಡ್ತಿ ಬೇಡವೆಂಬ ಪತ್ರ ಕೊಡುವ ಮೊದಲೇ ಬಂದರು. ಮಗಳು ಒಂಬತ್ತನೇ ಕ್ಲಾಸು, ಅತ್ತೆಗೆ ಮಂಡಿನೋವು.

"ಬೇಡ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮೇಡಂ. ಪಾಸಾಗಿದ್ದೇ ಮನೇಲಿ ಗೊತ್ತಿಲ್ಲ. ಇವರಿಗೆ ಹೇಳಿದ್ರೆ 'ನಿನ್ನಿಷ್ಟ' ಅಂತಾರೆ. ಆಮೇಲೆ ಅಡುಗೆ, ಅತ್ತೆ, ಟ್ಯೂಷನ್ ಎಲ್ಲಕ್ಕೂ ನಾನೇ ದಾರಿ ಹುಡುಕಬೇಕು."

ಕೊನೆಯ ದಿನದವರೆಗೂ ಆ ಪತ್ರ ಕೊಡಬೇಡಿ ಎಂದೆ. ಆಪ್ತಸಲಹೆಗಾರರು ಹೀಗೆ ಹೇಳಬಹುದೇ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಕಡತದಲ್ಲಿ ಅತ್ತೆಯ ಮಂಡಿನೋವು ದಾಖಲಾಗುವುದಿಲ್ಲ, 'ಸ್ವಇಚ್ಛೆಯಿಂದ' ಎಂದಷ್ಟೇ ಉಳಿಯುತ್ತದೆ. ಹೆಂಗಸರಿಗೆ ಜವಾಬ್ದಾರಿ ಬೇಡ ಎನ್ನುವವರಿಗೆ ಅಷ್ಟು ಸಾಕು.

ಬ್ಯಾಂಕಿನ ಬಡ್ತಿ ನೀತಿ, ವರ್ಗಾವಣೆ ನೀತಿ ಎರಡನ್ನೂ ತೆಗೆದು ಓದಲು ಹೇಳಿದೆ. ನಿರಾಕರಿಸಿದರೆ ಎಷ್ಟು ವರ್ಷ ಮತ್ತೆ ಅವಕಾಶವಿಲ್ಲ, ಮೊದಲ ಪೋಸ್ಟಿಂಗಿನಲ್ಲಿ ಕನಿಷ್ಠ ಎಷ್ಟು ಕಾಲ ಇರಬೇಕು ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ವಿವಾಹಿತ ಮಹಿಳೆ ಕೋರಿದರೆ ಗಂಡ ಕೆಲಸ ಮಾಡುವ ಊರಲ್ಲೋ ಅದರ ಹತ್ತಿರವೋ ಹಾಕಲು ನೋಡಿ ಎಂದು ಹಣಕಾಸು ಸಚಿವಾಲಯ 2014ರ ಆಗಸ್ಟ್‌ನಲ್ಲೇ ಸರ್ಕಾರಿ ಬ್ಯಾಂಕುಗಳಿಗೆ ಬರೆದಿದೆ. ಅದು ಹಕ್ಕೇನಲ್ಲ, ಕೇಳಿದವರಿಗೆ ಮಾತ್ರ ಸಿಗುವಂಥದ್ದು. ಕೇಳಬೇಕಾದದ್ದು ಪೋಸ್ಟಿಂಗ್ ಆರ್ಡರ್ ಹೊರಡುವ ಮೊದಲು; ಹೊರಟ ಮೇಲೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಬೇಕಾಗುತ್ತದೆ, ಆ ಉಸಾಬರಿ ಯಾರಿಗೂ ಬೇಡ. 'ಹತ್ತಿರ ಎಲ್ಲಾದರೂ' ಎಂದು ಬರೆದರೆ ಉಪಯೋಗವಿಲ್ಲ. ಬಸ್ಸಿನಲ್ಲಿ ದಿನಾ ಹೋಗಿಬರಬಹುದಾದ ಮೂರು ಶಾಖೆಗಳ ಹೆಸರು, ದೂರ ಬರೆಯಿರಿ. ಗಂಡನ ಉದ್ಯೋಗದ ಪ್ರಮಾಣಪತ್ರ, ಮಗಳ ವ್ಯಾಸಂಗ ಪ್ರಮಾಣಪತ್ರ, ಅತ್ತೆಯ ವೈದ್ಯಕೀಯ ದಾಖಲೆ ಲಗತ್ತಿಸಿ.

ಮನೆಯಲ್ಲಿ 'ಹೋಗಲಾ?' ಎಂದು ಅನುಮತಿ ಕೇಳಬೇಡಿ ಎಂದೂ ಹೇಳಿದೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗಿನ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು ಗಂಡನ ಕೈಗೆ ಕೊಡಿ. ತಮ್ಮ ಹೆಸರನ್ನು ಎಲ್ಲೆಲ್ಲಿ ಹಾಕಿಕೊಳ್ಳುತ್ತಾರೋ ಅವರೇ ಬರೆಯಲಿ. ಸುಮಾ ಅವರ ಯಜಮಾನರು ಟ್ಯೂಷನ್ ಮತ್ತು ಆಸ್ಪತ್ರೆ ಒಪ್ಪಿಕೊಂಡರು, ಅಡುಗೆಯ ಸಾಲು ಖಾಲಿ ಬಿಟ್ಟರು. ಅದಕ್ಕೆ ಸುಮಾ ಅಡುಗೆಯವರನ್ನು ಗೊತ್ತುಮಾಡಿ ಬಡ್ತಿ ಒಪ್ಪಿಕೊಂಡರು.

ಎಲ್ಲ ನೋಡಿಯೂ ಬೇಡ ಎನಿಸಿದರೆ ಅದೂ ಸರಿಯೇ. ಆಗಲೂ 'ವೈಯಕ್ತಿಕ ಕಾರಣ' ಎನ್ನದೆ ನಿಜವಾದ ಕಾರಣ ಬರೆಯಿರಿ, ಮತ್ತೆ ಅರ್ಹತೆ ಯಾವಾಗ ಎಂದು ಅದೇ ಪತ್ರದಲ್ಲಿ ಕೇಳಿ, ಸ್ವೀಕೃತಿ ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ.