ಇಬ್ಬರು ಮೇಲಧಿಕಾರಿಗಳ ನಡುವೆ

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಒಂದೇ ಸಂಸ್ಥೆಯಲ್ಲಿದ್ದೇನೆ. ಕಳೆದ ವರ್ಷ ವಿಭಾಗಗಳನ್ನು ಪುನರ್‌ರಚಿಸಿದ ಮೇಲೆ ನಾನು ಇಬ್ಬರು ಮೇಲಧಿಕಾರಿಗಳಿಗೆ ಉತ್ತರ ಹೇಳಬೇಕಾಗಿದೆ. ಒಬ್ಬರು ಬೇಗ ಮುಗಿಸಿ ಎನ್ನುತ್ತಾರೆ, ಇನ್ನೊಬ್ಬರು ಎಲ್ಲವನ್ನೂ ಎರಡೆರಡು ಸಲ ಪರಿಶೀಲಿಸಿ ಎನ್ನುತ್ತಾರೆ. ನಿದ್ರೆ ಬರುತ್ತಿಲ್ಲ. ಸಂಸ್ಥೆ ಏರ್ಪಡಿಸಿದ್ದ ಧ್ಯಾನ ಶಿಬಿರಕ್ಕೆ ಹೋಗಿ ಬಂದರೂ ಪ್ರಯೋಜನವಾಗಲಿಲ್ಲ. ನನ್ನ ಮನಸ್ಸು ದುರ್ಬಲವೇ?
– ಹೆಸರು ಪ್ರಕಟಿಸಲಿಚ್ಛಿಸದ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ದುರ್ಬಲ ಮನಸ್ಸಿನ ಕುರುಹು ನನಗೆ ಕಾಣಲಿಲ್ಲ, ಕೆಲಸ ಹಂಚಿದ ರೀತಿಯಲ್ಲಿನ ದೋಷ ಮಾತ್ರ ಸ್ಪಷ್ಟವಾಗಿ ಕಂಡಿತು. ಒಂದನ್ನು ಪಾಲಿಸಿದರೆ ಮತ್ತೊಂದನ್ನು ಮುರಿಯಲೇಬೇಕಾದಂತಹ ಆದೇಶಗಳು ಒಬ್ಬನೇ ನೌಕರನ ಮೇಲೆ ಬೀಳುವುದನ್ನು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಕಾನ್ ಮತ್ತು ಸಂಗಡಿಗರು 1964ರಲ್ಲಿಯೇ ‘ಪಾತ್ರ ಸಂಘರ್ಷ’ ಎಂದು ಕರೆದು, ಅದನ್ನು ಉದ್ಯೋಗದ ಒತ್ತಡದ ಮುಖ್ಯ ಮೂಲಗಳಲ್ಲಿ ಒಂದೆಂದು ಗುರುತಿಸಿದರು. ತನ್ನಿಂದ ಏನನ್ನು ನಿರೀಕ್ಷಿಸಲಾಗಿದೆ ಎಂಬುದೇ ತಿಳಿಯದಿರುವ ‘ಪಾತ್ರದ ಅಸ್ಪಷ್ಟತೆ’ಯನ್ನೂ ಅವರು ಇದರ ಜೊತೆಗೇ ಇರಿಸಿದ್ದರು. ಪುನರ್‌ರಚನೆಯಾದ ಕಚೇರಿಗಳಲ್ಲಿ ಸಾಮಾನ್ಯವಾಗಿ ಇವೆರಡೂ ಒಟ್ಟಿಗೇ ತಲೆದೋರುತ್ತವೆ, ಏಕೆಂದರೆ ಹುದ್ದೆಗಳ ನಕ್ಷೆ ಬದಲಾದಷ್ಟು ಬೇಗ ಹೊಣೆಗಾರಿಕೆಯ ಗೆರೆಗಳನ್ನು ಯಾರೂ ಮತ್ತೆ ಎಳೆಯುವುದಿಲ್ಲ.

ಕೆಲಸ ಹೆಚ್ಚಾದುದೇ ಒತ್ತಡಕ್ಕೆ ಕಾರಣ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಉದ್ಯೋಗದ ಒತ್ತಡದ ಕುರಿತ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಕೆಲಸದ ಬೇಡಿಕೆ ಹೆಚ್ಚಾಗಿದ್ದು, ಅದನ್ನು ಹೇಗೆ, ಯಾವ ಕ್ರಮದಲ್ಲಿ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಕಡಿಮೆಯಿದ್ದಾಗಲೇ ಒತ್ತಡ ಅತಿ ಹೆಚ್ಚು. ಅಷ್ಟೇ ಹೊರೆಯಿದ್ದರೂ ತೀರ್ಮಾನದ ಅಧಿಕಾರ ತನ್ನ ಕೈಯಲ್ಲಿದ್ದರೆ ಅದೇ ಕೆಲಸ ಕಲಿಕೆಗೆ ದಾರಿಯಾಗಬಲ್ಲದು. ಬ್ರಿಟನ್ನಿನ ಸರ್ಕಾರಿ ನೌಕರರ ಕುರಿತು 1967ರಲ್ಲಿ ಆರಂಭವಾದ ಅಧ್ಯಯನದಲ್ಲಿ ಹೃದ್ರೋಗದಿಂದ ಹೆಚ್ಚಾಗಿ ಸಾಯುತ್ತಿದ್ದವರು ಉನ್ನತಾಧಿಕಾರಿಗಳಲ್ಲ, ಕೆಳಹಂತದ ನೌಕರರು. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನವು ಈ ಅಂತರಕ್ಕೆ ಕೆಲಸದ ಮೇಲಿನ ಹಿಡಿತದ ಕೊರತೆಯೂ ಒಂದು ಮುಖ್ಯ ಕಾರಣವೆಂದು ತೋರಿಸಿತು.

ಧ್ಯಾನವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಎರಡು ವಿರುದ್ಧ ಆದೇಶಗಳನ್ನು ಹಾಗೆಯೇ ಉಳಿಸಿಕೊಂಡು ನೌಕರರಿಗೆ ಮಾತ್ರ ಉಸಿರಾಟದ ಪಾಠ ಹೇಳುವ ಸಂಸ್ಥೆ ತನ್ನ ಹೊಣೆಯನ್ನು ಅವರ ಹೆಗಲಿಗೆ ದಾಟಿಸುತ್ತಿದೆ ಎಂದೇ ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ ಸಹ ‘ಬರ್ನೌಟ್’ ಎಂಬ ದಣಿವನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವಿವರಿಸಿದೆ, ಕಾಯಿಲೆಯೆಂದು ವರ್ಗೀಕರಿಸಿಲ್ಲ.

ಇಬ್ಬರು ಅಧಿಕಾರಿಗಳಿಗೂ ಒಂದೇ ಪತ್ರವನ್ನು ಒಟ್ಟಿಗೆ ಕಳುಹಿಸಿ. ಅದರಲ್ಲಿ ದೂರು ಬೇಡ. ಈ ವಾರದ ಕೆಲಸಗಳನ್ನು ನಮೂದಿಸಿ, ವೇಗ ಮತ್ತು ಪರಿಶೀಲನೆ ಎರಡೂ ಸಾಧ್ಯವಾಗದ ಕಡೆ ಯಾವುದಕ್ಕೆ ಆದ್ಯತೆಯೆಂದು ಅವರಿಬ್ಬರೂ ಮಾತನಾಡಿಕೊಂಡು ತಿಳಿಸಬೇಕೆಂದು ಕೇಳಿ. ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಅವರಿಬ್ಬರಿಗೂ ಮೇಲಿನವರ ಮುಂದಿಡಿ. ನಿದ್ರೆಯ ವಿಷಯದಲ್ಲಿ ಮಾತ್ರ ಈ ತೀರ್ಮಾನಕ್ಕಾಗಿ ಕಾಯದೆ, ಇದೇ ವಾರ ವೈದ್ಯರನ್ನು ಕಾಣಿರಿ. ಕಚೇರಿಯ ಪರಿಸ್ಥಿತಿಯನ್ನೂ ಅವರಿಗೆ ವಿವರಿಸಿ.