ಕಲ್ಚರ್ ರಿಪೋರ್ಟಿನಲ್ಲಿ ಎಲ್ಲಾ ‘ಆರ್’ (ರೆಸಿಸ್ಟೆಂಟ್, ಅಂದರೆ ಔಷಧಿ ನಾಟುವುದಿಲ್ಲ) ಬಂದಿದೆ. ಮಾತ್ರೆಯನ್ನೇ ನುಂಗದ ಅಪ್ಪನಿಗೆ ಇದು ಹೇಗೆ ಬಂತು?

ನಿಮ್ಮ ತಂದೆಗೆ ಸ್ಟ್ರೋಕ್ ಆಗಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆತಂದಿದ್ದೀರಿ. ಈಗ ವೆಂಟಿಲೇಟರ್‌ನಲ್ಲಿದ್ದಾರೆ, ಕಫದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬಂದಿದೆ. ಜ್ವರ ಬಂದರೂ ಕಷಾಯದಲ್ಲೇ ಮುಗಿಸುತ್ತಿದ್ದವರಿಗೆ ಆಂಟಿಬಯಾಟಿಕ್ ಯಾಕೆ ನಾಟುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಇದೇ ಊರಿನ ಒಂದು ಲ್ಯಾಬ್‌ನಲ್ಲಿ ಕಲ್ಚರ್ ಕೆಲಸ ಮಾಡುತ್ತೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಔಷಧಿಗೆ ಬಗ್ಗದಿರುವುದು ಆ ರೋಗಾಣು. ನಿಮ್ಮ ತಂದೆಯ ಮೈಗೆ ಔಷಧಿ ಒಗ್ಗಿಹೋಗಿದೆ ಅಂತ ಅಲ್ಲ. ಹಾಗಾಗಿ ಅವರು ಹಿಂದೆ ಎಷ್ಟು ಮಾತ್ರೆ ತಗೊಂಡಿದ್ದರು ಅನ್ನುವ ಲೆಕ್ಕ ಇಲ್ಲಿ ಸಾಲುವುದಿಲ್ಲ.

ಲ್ಯಾಬ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ತಿಳಿಹಳದಿ ಅಗಾರ್ (ರೋಗಾಣು ಬೆಳೆಯುವ ಜೆಲ್ಲಿ) ಇರುವ ಪ್ಲೇಟಿನ ಮೇಲೆ ರೋಗಾಣುವನ್ನು ತೆಳ್ಳಗೆ ಸವರಿ, ಔಷಧಿ ಹೀರಿಕೊಂಡ ಪುಟ್ಟ ಬಿಳಿ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ರಾತ್ರಿಯಿಡೀ 35 ಡಿಗ್ರಿಯಲ್ಲಿ ಇಟ್ಟು ಬೆಳಿಗ್ಗೆ ತೆಗೆಯುತ್ತೇವೆ. ಔಷಧಿ ನಾಟಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಉಂಗುರ ಇರುತ್ತದೆ. ಅದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತೇವೆ. ಐಸಿಯುನಿಂದ ಬಂದ ಕೆಲವು ಪ್ಲೇಟ್‌ಗಳಲ್ಲಿ ಮೆರೊಪೆನಮ್ ಅನ್ನುವ ಪ್ರಬಲ ಆಂಟಿಬಯಾಟಿಕ್‌ನ ಬಿಲ್ಲೆಗೂ ಅಂಟಿಕೊಂಡೇ ಬೆಳೆದಿರುತ್ತದೆ. ನೋಡಿದರೆ ಸಂಕಟ ಆಗುತ್ತದೆ, ಯಾಕಂದ್ರೆ ಆ ಹೊತ್ತಿಗೆ ಯಾರದ್ದೋ ಮನೆಯವರು ಐಸಿಯು ಬಾಗಿಲಲ್ಲಿ ಕಾಯುತ್ತಾ ಕೂತಿರುತ್ತಾರೆ.

ಇಂಥ ರೋಗಾಣು ಹೆಚ್ಚಾಗಿ ಹರಡುವುದು ಆಸ್ಪತ್ರೆಯಲ್ಲೇ. ಕೈಯಿಂದ, ಮಂಚದ ಕಂಬಿಯಿಂದ, ಕಫ ಎಳೆಯುವ ಸಕ್ಷನ್ ಪೈಪಿನಿಂದ. ಗಂಟಲಲ್ಲಿ ಟ್ಯೂಬ್ ಇದ್ದಾಗ ಕೆಮ್ಮಿ ಹೊರಹಾಕುವ ಶಕ್ತಿಯೂ ಇರುವುದಿಲ್ಲ. ಇನ್ನೊಂದು ತೊಂದರೆ, ಔಷಧಿಯನ್ನು ಸೋಲಿಸುವ ಜೀನನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಿಬಿಡುತ್ತದೆ, ಬೇರೆ ಜಾತಿಯದಕ್ಕೂ. ನಮ್ಮ ಕಡೆ ಯಾವ ಜ್ವರಕ್ಕಾದರೂ ಮೆಡಿಕಲ್‌ನಲ್ಲಿ ಕೇಳಿ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ನುಂಗುವುದು ಜಾಸ್ತಿ ಅಲ್ವಾ? ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಹೀಗೆ ಸುಮ್ನೆ ನುಂಗಿದಾಗಲೆಲ್ಲ ಹೊಟ್ಟೆಯಲ್ಲಿರುವ ಬಗ್ಗುವ ಬ್ಯಾಕ್ಟೀರಿಯಾ ಸತ್ತು, ಬಗ್ಗದವು ಉಳಿದುಕೊಳ್ಳುತ್ತವೆ.

ದಾರಿ ಮುಚ್ಚಿಹೋಯಿತು ಅಂದುಕೊಳ್ಳಬೇಡಿ. ಡಾಕ್ಟರ್ ಹತ್ತಿರ ಮೊದಲು ಇದನ್ನು ಕೇಳಿ: ಇದು ನಿಜವಾಗಿ ಶ್ವಾಸಕೋಶದ ಸೋಂಕಾ, ಇಲ್ಲಾ ರೋಗಾಣು ಟ್ಯೂಬಿನಲ್ಲಿ ಸುಮ್ನೆ ಕೂತಿದೆಯಾ? ಜ್ವರ, ಎಕ್ಸ್‌ರೇ, ಆಕ್ಸಿಜನ್ ನೋಡಿ ಅವರು ತೀರ್ಮಾನಿಸುತ್ತಾರೆ. ಸುಮ್ನೆ ಕೂತಿದ್ದರೆ ಎಷ್ಟೋ ಸಲ ಔಷಧಿಯೇ ಬೇಕಾಗುವುದಿಲ್ಲ. ಸೋಂಕೇ ಆಗಿದ್ದರೆ ಕೊಲಿಸ್ಟಿನ್, ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ತರದ್ದು ಉಳಿದಿರಬಹುದು. ಕೆಲವರಿಗೆ ಅವಿಬ್ಯಾಕ್ಟಮ್ ಜೊತೆ ಅಜ್ಟ್ರಿಯೊನಮ್ ಸೇರಿಸುತ್ತಾರೆ. ಕೊಲಿಸ್ಟಿನ್ ಕಿಡ್ನಿಗೆ ಪೆಟ್ಟು ಕೊಡಬಹುದು, ಅದಕ್ಕೇ ಪದೇ ಪದೇ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡುತ್ತಾರೆ. ಮತ್ತೆ ಮತ್ತೆ ರಕ್ತ ತೆಗೆದರೆ ಬೇಜಾರಾಗಬೇಡಿ.

ನಿಮ್ಮ ಕೈಯಲ್ಲಿರುವ ಕೆಲಸವೂ ಇದೆ. ಅವರನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈಗೆ ಸ್ಯಾನಿಟೈಸರ್ ಹಾಕಿಕೊಂಡು ಪೂರ್ತಿ ಉಜ್ಜಿ. ಮೂತ್ರದ ಚೀಲ ನೆಲಕ್ಕೆ ತಾಗದಂತೆ, ಮಂಚಕ್ಕಿಂತ ಕೆಳಗೇ ಇರಲಿ. ಈ ಟ್ಯೂಬ್ ಇವತ್ತೂ ಬೇಕಾ ಅಂತ ದಿನಾ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಊರಿಂದ ನೋಡಲು ಬರುವ ನೆಂಟರನ್ನು ಸದ್ಯಕ್ಕೆ ತಡೆಯಿರಿ. ನಿಷ್ಠುರ ಆದರೂ ಪರವಾಗಿಲ್ಲ.

ಆ ರಿಪೋರ್ಟಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದೆ ಬೇರೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಅಡ್ಮಿಷನ್ ಹೊತ್ತಲ್ಲೇ ತೋರಿಸಿ. ಆಗ ನಾಟದ ಔಷಧಿಯಿಂದ ಶುರುಮಾಡಿ ಎರಡು ಮೂರು ದಿನ ಕಳೆದುಕೊಳ್ಳುವುದು ತಪ್ಪುತ್ತದೆ, ಪಕ್ಕದ ಮಂಚದವರನ್ನೂ ಮೊದಲೇ ಜೋಪಾನ ಮಾಡಬಹುದು.